ಯಕೃತ್ತಿನ ಕಸಿ, ರಕ್ತದ ಲೆಕ್ಕ

ಯಲ್ಲಾಪುರದಿಂದ ಶಿರಸಿಗೆ ಹೋಗುವ ದಾರಿಯಲ್ಲಿ ಸಿಗುವ ಮಂಚಿಕೇರಿಯ ಆಸುಪಾಸಿನ ತೋಟದ ಮನೆಗಳಲ್ಲಿ ಯಕೃತ್ತು ಎಂಬ ಅಂಗದ ಪರಿಚಯವಾಗುವುದು ಕಣ್ಣಿನ ಬಣ್ಣದಿಂದ. ಕಣ್ಣು ಹಳದಿಯಾಯಿತು, ಮೂತ್ರ ಅರಿಶಿನದ ನೀರಿನಂತಾಯಿತು, ಊಟ ಸೇರದಾಯಿತು ಎಂದರೆ ಅದು ಕಾಮಾಲೆ. ಮೂಡಲ ದಿಕ್ಕಿನ ಬಯಲುಸೀಮೆಗೆ ಹೋದರೆ ಅದೇ ಕಾಮಣಿ. ನೆಲನೆಲ್ಲಿ ಗಿಡವನ್ನು ಬೇರುಸಹಿತ ಕಿತ್ತು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬರಿಹೊಟ್ಟೆಗೆ ಕುಡಿಸುವುದು, ಎಣ್ಣೆ ಖಾರ ಬಿಡಿಸಿ ಪಥ್ಯ ಮಾಡಿಸುವುದು ತಲೆತಲಾಂತರದ ರೂಢಿ. ಬಹುಪಾಲು ಕಾಮಾಲೆಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುವಂಥವಾದ್ದರಿಂದ ಪಥ್ಯಕ್ಕೂ ಒಳ್ಳೆಯ ಹೆಸರು ಬಂತು.

ಇಳಿಯದೇ ಉಳಿದ ಕಾಮಾಲೆಯ ಕತೆ ಬೇರೆ. ರೋಗಿಯನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಕರೆದೊಯ್ದು ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಕೆಲವರಿಗೆ ಯಕೃತ್ತಿನ ಕಸಿಯೊಂದೇ ದಾರಿ ಎಂಬ ಮಾತು ಬರುತ್ತದೆ. ಮನೆಯವರ ಮನಸ್ಸಿನಲ್ಲಿ ಆಗ ಏಳುವ ಮೊದಲ ಪ್ರಶ್ನೆ ಹಣದ್ದು, ಎರಡನೆಯದು ರಕ್ತದ್ದು. ಎಷ್ಟು ಬಾಟಲಿ ಬೇಕಾದೀತು? ಊರಿನಿಂದ ಎಷ್ಟು ಹುಡುಗರನ್ನು ಕರೆಸಬೇಕು? ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ದಶಕಗಳೇ ಕಳೆದರೂ ಜನರ ಬಾಯಲ್ಲಿ ರಕ್ತ ಇಂದಿಗೂ ಬಾಟಲಿಯ ಲೆಕ್ಕದಲ್ಲೇ ಇದೆ.

ಈ ಪ್ರಶ್ನೆಗೆ ವೈದ್ಯರು ಕೊಡುವ ಉತ್ತರ ಆರು ದಶಕಗಳಲ್ಲಿ ಪೂರ್ತಿ ತಿರುಗಿದೆ. 1963ರಲ್ಲಿ ಉತ್ತರವೇ ಇರಲಿಲ್ಲ. 1980ರ ದಶಕದಲ್ಲಿ ‘ರಕ್ತನಿಧಿಯಲ್ಲಿ ಇರುವಷ್ಟೂ ಬೇಕಾಗಬಹುದು’ ಎನ್ನುವಂತಿತ್ತು. ಇಂದು ನುರಿತ ಆಸ್ಪತ್ರೆಗಳಲ್ಲಿ ಬಹಳಷ್ಟು ರೋಗಿಗಳಿಗೆ ಕೆಲವೇ ಬಾಟಲಿ ಸಾಕು. ಕೆಲವರಿಗೆ ಒಂದೂ ಬೇಡ. ಹೆಚ್ಚು ಹೆಚ್ಚು ರಕ್ತ ಒದಗಿಸಿದ್ದರಿಂದ ಈ ಬದಲಾವಣೆ ಬಂದದ್ದಲ್ಲ. ರಕ್ತಕ್ಕೂ ಯಕೃತ್ತಿಗೂ ಇರುವ ನಂಟನ್ನು ವೈದ್ಯಲೋಕ ತಡವಾಗಿ, ಪೆಟ್ಟು ತಿಂದು ಅರ್ಥಮಾಡಿಕೊಂಡದ್ದರಿಂದ ಬಂದದ್ದು.

ರಕ್ತದ ಮನೆ

ದೊಡ್ಡವರ ದೇಹದಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತಿನ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತ ಹರಿಯುತ್ತದೆ. ಹೃದಯ ಹೊರದೂಡುವ ರಕ್ತದ ನಾಲ್ಕನೇ ಒಂದು ಪಾಲು ಇದೊಂದೇ ಅಂಗದ್ದು. ಅದರಲ್ಲಿ ಹೆಚ್ಚಿನ ಭಾಗ ಬರುವುದು ಕರುಳಿನಿಂದ, ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ನಾಳದ ಮೂಲಕ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್, ಪ್ರೊಥ್ರಾಂಬಿನ್ ಮೊದಲಾದ ವಸ್ತುಗಳಲ್ಲಿ ಬಹುತೇಕ ಎಲ್ಲವೂ ತಯಾರಾಗುವುದು ಯಕೃತ್ತಿನಲ್ಲಿ. ಹೆಪ್ಪು ಅತಿಯಾಗದಂತೆ ತಡೆಯುವ ವಸ್ತುಗಳೂ ಅಲ್ಲಿಯವೇ.

ಯಕೃತ್ತು ಗಂಟುಗಂಟಾಗಿ ಗಡುಸಾದ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ಆಗ ಎರಡು ತೊಂದರೆಗಳು ಒಟ್ಟಿಗೇ ಬರುತ್ತವೆ. ಹೆಪ್ಪುಗಟ್ಟಿಸುವ ವಸ್ತುಗಳ ತಯಾರಿಕೆ ಕುಗ್ಗುತ್ತದೆ. ಇನ್ನೊಂದು ಕಡೆ, ಗಡುಸಾದ ಅಂಗದೊಳಗೆ ಹರಿಯಲಾಗದೆ ಕರುಳಿನ ರಕ್ತ ಹಿಂದಕ್ಕೆ ಒತ್ತುತ್ತದೆ. ಅಡಿಕೆ ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನೀರು ಹೇಗೆ ಸಿಕ್ಕಸಿಕ್ಕಲ್ಲಿ ನುಗ್ಗುತ್ತದೆಯೋ ಹಾಗೆ, ಸಣ್ಣ ಸಣ್ಣ ನಾಳಗಳು ಉಬ್ಬಿ ಯಕೃತ್ತಿನ ಸುತ್ತ ಬಲೆಯಂತೆ ಹರಡಿಕೊಳ್ಳುತ್ತವೆ. ಹಳೆಯ ಯಕೃತ್ತನ್ನು ತೆಗೆಯಲು ಶಸ್ತ್ರವೈದ್ಯ ಕತ್ತಿ ಇಡಬೇಕಾದುದು ಈ ಬಲೆಯ ನಡುವೆ. ಬೇರೆ ಶಸ್ತ್ರಕ್ರಿಯೆಗಳಿಗಿಂತ ಯಕೃತ್ತಿನ ಕಸಿಯಲ್ಲಿ ರಕ್ತದ ಚಿಂತೆ ಹೆಚ್ಚಾಗಿರುವುದು ಈ ಕಾರಣಕ್ಕೆ.

ಬೇರೆಯವರ ರಕ್ತ

ಒಬ್ಬರ ರಕ್ತ ಇನ್ನೊಬ್ಬರಿಗೆ ಒಗ್ಗುವ, ಒಗ್ಗದಿರುವ ಗುಟ್ಟು ಬಯಲಾದದ್ದು 1901ರಲ್ಲಿ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದರು. ಅವರ ಜನ್ಮದಿನವಾದ ಜೂನ್ 14ನ್ನು ಈಗ ವಿಶ್ವ ರಕ್ತದಾನಿಗಳ ದಿನವೆಂದು ಆಚರಿಸಲಾಗುತ್ತಿದೆ. ಆದರೆ ಗುಂಪು ಗೊತ್ತಾದರೆ ಸಾಲದು. ದೇಹದಿಂದ ಹೊರಬಿದ್ದ ರಕ್ತ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಸೋಡಿಯಂ ಸಿಟ್ರೇಟ್ ಎಂಬ ಲವಣವನ್ನು ಸ್ವಲ್ಪ ಬೆರೆಸಿದರೆ ರಕ್ತ ದ್ರವವಾಗಿಯೇ ಉಳಿಯುತ್ತದೆ ಎಂಬುದು 1914-15ರಲ್ಲಿ ತಿಳಿದ ಮೇಲೆ ಅದನ್ನು ಕೂಡಿಡುವುದು ಸಾಧ್ಯವಾಯಿತು. 1937ರಲ್ಲಿ ಶಿಕಾಗೋದ ಬರ್ನಾರ್ಡ್ ಫ್ಯಾಂಟಸ್ ತಮ್ಮ ಆಸ್ಪತ್ರೆಯ ರಕ್ತ ಸಂಗ್ರಹಕ್ಕೆ ಬ್ಯಾಂಕ್ ಎಂಬ ಹೆಸರಿಟ್ಟರು. ಭಾರತದಲ್ಲಿ ಎರಡನೇ ಮಹಾಯುದ್ಧದ ಬಿಸಿಯಲ್ಲಿ, 1942ರಲ್ಲಿ, ಕಲ್ಕತ್ತೆಯಲ್ಲಿ ರಕ್ತನಿಧಿ ಆರಂಭವಾಯಿತು.

ಹೀಗೆ ರಕ್ತ ಕೈಗೆ ಸಿಗುವ ವಸ್ತುವಾದ ಮೇಲೆಯೇ ದೊಡ್ಡ ಶಸ್ತ್ರಕ್ರಿಯೆಗಳಿಗೆ ಧೈರ್ಯ ಬಂತು. ಹರಿದುಹೋದದ್ದನ್ನು ತುಂಬಿಕೊಟ್ಟರಾಯಿತು ಎಂಬುದು ಆಗಿನ ತಿಳಿವಳಿಕೆ. ಈ ಸರಳ ಲೆಕ್ಕ ಯಕೃತ್ತಿನ ಮುಂದೆ ಸೋತಿತು.

ಡೆನ್ವರ್‌ನಲ್ಲಿ ಕಲಿತ ಪಾಠ

1963ರ ಮಾರ್ಚ್ 1. ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಎಂಬ ಶಸ್ತ್ರವೈದ್ಯ ಮನುಷ್ಯನ ಮೇಲೆ ಮೊತ್ತಮೊದಲ ಯಕೃತ್ತಿನ ಕಸಿಗೆ ಕೈಹಾಕಿದರು. ರೋಗಿ ಮೂರು ವರ್ಷದ ಬಾಲಕ. ಹುಟ್ಟಿನಿಂದಲೇ ಪಿತ್ತನಾಳ ಮುಚ್ಚಿಕೊಂಡು ಯಕೃತ್ತು ಹಾಳಾಗಿತ್ತು. ನಾಯಿಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ನಡೆಸಿದ್ದ ತಂಡಕ್ಕೂ ಆ ದಿನ ಕಂಡದ್ದು ಹೊಸದೇ. ಆರೋಗ್ಯವಂತ ನಾಯಿಯ ರಕ್ತ ಹೆಪ್ಪುಗಟ್ಟುತ್ತಿತ್ತು. ಈ ಮಗುವಿನ ರಕ್ತ ಹೆಪ್ಪುಗಟ್ಟಲಿಲ್ಲ. ಎಷ್ಟು ತುಂಬಿದರೂ ಅಷ್ಟೇ ವೇಗವಾಗಿ ಹರಿದುಹೋಯಿತು. ಮಗು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ತೀರಿಕೊಂಡಿತು.

ಮುಂದಿನ ರೋಗಿಗಳಲ್ಲಿ ಈ ತಪ್ಪು ಮರುಕಳಿಸಬಾರದೆಂದು ತಂಡ ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನೂ, ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಔಷಧವನ್ನೂ ಕೊಟ್ಟಿತು. ರೋಗಿಗಳು ಶಸ್ತ್ರಕ್ರಿಯೆಯನ್ನು ದಾಟಿದರು. ಆದರೆ ದಿನಗಳು ಕಳೆಯುವಷ್ಟರಲ್ಲಿ ಬೇರೊಂದು ಆಪತ್ತು ಬಂತು. ರಕ್ತವನ್ನು ಸುತ್ತುದಾರಿಯಲ್ಲಿ ಹರಿಸಲು ಬಳಸಿದ್ದ ಕೊಳವೆಗಳಲ್ಲಿ ಹೆಪ್ಪುಗಳು ಹುಟ್ಟಿ ಶ್ವಾಸಕೋಶ ಸೇರಿದ್ದವು. ಒಬ್ಬ ರೋಗಿ ರಕ್ತ ಹೆಪ್ಪುಗಟ್ಟದೆ ಸತ್ತರೆ, ಅನಂತರದವರು ಹೆಪ್ಪುಗಟ್ಟಿದ್ದರಿಂದ ಸತ್ತರು. ಯಕೃತ್ತಿನ ರೋಗಿಯ ರಕ್ತ ತಕ್ಕಡಿಯಂತೆ ಎರಡೂ ಕಡೆ ವಾಲಬಲ್ಲದು ಎಂಬ ಸತ್ಯ ಅಂದೇ ಕಣ್ಣೆದುರಿಗೆ ಬಂದಿತ್ತು. ಅದು ಪೂರ್ತಿ ಅರ್ಥವಾಗಲು ಇನ್ನೂ ನಾಲ್ಕು ದಶಕ ಬೇಕಾದವು.

ಕೆಲವು ವರ್ಷ ಈ ಶಸ್ತ್ರಕ್ರಿಯೆಯನ್ನೇ ನಿಲ್ಲಿಸಲಾಯಿತು. 1967ರಲ್ಲಿ ಸ್ಟಾರ್ಜ್ಲ್ ಅವರಿಂದಲೇ ಕಸಿ ಮಾಡಿಸಿಕೊಂಡ ಪುಟ್ಟ ಹುಡುಗಿಯೊಬ್ಬಳು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. 1968ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಾಯ್ ಕಾಲ್ನ್ ಇದೇ ಹಾದಿ ಹಿಡಿದರು. ಬೇರೆಯವರ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಔಷಧ ಬಂದ ಬಳಿಕ, 1983ರಲ್ಲಿ, ಅಮೆರಿಕದ ತಜ್ಞರ ಸಮಾವೇಶವು ಯಕೃತ್ತಿನ ಕಸಿ ಇನ್ನು ಬರಿಯ ಪ್ರಯೋಗವಲ್ಲ, ಚಿಕಿತ್ಸೆ ಎಂದು ಒಪ್ಪಿತು.

ರಕ್ತವೇ ಕೊಟ್ಟ ರೋಗ

ಇಲ್ಲೊಂದು ವಿಪರ್ಯಾಸವಿದೆ. ಜೀವ ಉಳಿಸಲು ಕೊಟ್ಟ ರಕ್ತವೇ ಎಷ್ಟೋ ಜನರ ಯಕೃತ್ತನ್ನು ಹಾಳುಮಾಡಿತ್ತು. ರಕ್ತ ಪಡೆದ ಕೆಲವು ವಾರ, ಕೆಲವು ತಿಂಗಳ ನಂತರ ಕಾಣಿಸಿಕೊಳ್ಳುವ ಕಾಮಾಲೆಯ ಬಗ್ಗೆ ವೈದ್ಯರಿಗೆ ಎರಡನೇ ಮಹಾಯುದ್ಧದ ಕಾಲದಿಂದಲೂ ಗುಮಾನಿ ಇತ್ತು. ಅದರ ಮೂಲದ ಒಂದು ಎಳೆ ಸಿಕ್ಕಿದ್ದು 1960ರ ದಶಕದಲ್ಲಿ, ಅಮೆರಿಕದ ವಿಜ್ಞಾನಿ ಬರೂಚ್ ಬ್ಲಂಬರ್ಗ್ ಅವರಿಗೆ. ಮತ್ತೆ ಮತ್ತೆ ರಕ್ತ ಪಡೆದಿದ್ದ ಕುಸುಮರೋಗಿಯೊಬ್ಬರ ರಕ್ತದ್ರವ, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿದ್ದ ಯಾವುದೋ ವಸ್ತುವಿನೊಡನೆ ಪ್ರತಿಕ್ರಿಯೆ ತೋರಿತು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಅಂಶವೆಂದು ಮುಂದೆ ತಿಳಿಯಿತು. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಹುಮಾನ ಸಂದಿತು.

ಬ್ಲಂಬರ್ಗ್ 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಮಲೆನಾಡಿನ ಅಂಗಳದಲ್ಲಿ ಬೆಳೆಯುವ ನೆಲನೆಲ್ಲಿಯ ಕುಲದ ಗಿಡವನ್ನೇ ಅವರ ತಂಡ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿತು. ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರೊಡನೆ 1988ರಲ್ಲಿ ಪ್ರಕಟಿಸಿದ ವರದಿ ಬಹಳ ಆಸೆ ಹುಟ್ಟಿಸಿತು. ಆದರೆ ಆಮೇಲೆ ಬೇರೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಅದೇ ಫಲ ಸಿಗಲಿಲ್ಲ. ನಿಜವಾದ ರಕ್ಷಣೆ ಬಂದದ್ದು ಲಸಿಕೆಯಿಂದ ಮತ್ತು ದಾನಿಯ ರಕ್ತದ ಪರೀಕ್ಷೆಯಿಂದ. ಹೆಪಟೈಟಿಸ್ ಸಿ ವೈರಸ್ ಪತ್ತೆಯಾದದ್ದು 1989ರಲ್ಲಿ. ಭಾರತದ ರಕ್ತನಿಧಿಗಳಲ್ಲಿ ಅದರ ಪರೀಕ್ಷೆ ಕಡ್ಡಾಯವಾಗಿ ಜಾರಿಗೆ ಬಂದದ್ದು 2001ರಲ್ಲಿ. ಹೆಪಟೈಟಿಸ್ ಬಿ ಲಸಿಕೆ 2011ರ ಹೊತ್ತಿಗೆ ದೇಶದ ಎಲ್ಲ ಶಿಶುಗಳ ಲಸಿಕಾ ಪಟ್ಟಿಗೆ ಸೇರಿತು. ಪರೀಕ್ಷೆಯಿಲ್ಲದ ರಕ್ತದಿಂದ ಸೋಂಕು ತಗಲಿಸಿಕೊಂಡವರು ವರ್ಷಗಳ ಮೇಲೆ ಸಿರೋಸಿಸ್‌ಗೆ ತುತ್ತಾಗಿ, ಕಸಿಗೆ ಬಂದು, ಮತ್ತೆ ರಕ್ತಕ್ಕೇ ಕೈಚಾಚಬೇಕಾದ ದುರಂತ ಎಲ್ಲ ದೇಶಗಳಲ್ಲೂ ನಡೆದಿದೆ.

ರಕ್ತದ ಪ್ರವಾಹ

1980ರ ದಶಕದಲ್ಲಿ ಸ್ಟಾರ್ಜ್ಲ್ ಪಿಟ್ಸ್‌ಬರ್ಗ್‌ಗೆ ಹೋದ ಮೇಲೆ ಅಲ್ಲಿ ಕಸಿಗಳ ಸಂಖ್ಯೆ ಏರಿತು, ಜೊತೆಗೆ ರಕ್ತದ ಖರ್ಚೂ ಏರಿತು. ಒಬ್ಬ ರೋಗಿಗೆ ಹತ್ತಾರು ಬಾಟಲಿ ಸಾಮಾನ್ಯವಾಯಿತು. ಕಷ್ಟದ ಸಂದರ್ಭಗಳಲ್ಲಿ ನೂರನ್ನೂ ಮೀರಿತು. ದೊಡ್ಡವರ ದೇಹದಲ್ಲಿ ಇರುವ ರಕ್ತ ಸುಮಾರು ಐದು ಲೀಟರು. ನೂರು ಬಾಟಲಿ ಎಂದರೆ ಒಬ್ಬ ಮನುಷ್ಯನ ರಕ್ತವೆಲ್ಲ ಹಲವು ಸಲ ಬದಲಾದಂತೆ. ಒಂದು ಮೇಜಿನ ಮೇಲಿನ ಒಂದು ರಾತ್ರಿಗೆ ಒಂದು ಊರಿನ ರಕ್ತದಾನ ಶಿಬಿರವೇ ಕರಗಿಹೋಗುವ ಲೆಕ್ಕ ಇದು.

ಇಷ್ಟು ರಕ್ತ ತುಂಬುವುದೂ ನಿರಪಾಯವಲ್ಲ. ರಕ್ತ ಕೂಡಿಡಲು ದಾರಿ ಮಾಡಿಕೊಟ್ಟ ಅದೇ ಸಿಟ್ರೇಟ್ ಇಲ್ಲಿ ಅಡ್ಡಿಯಾಗುತ್ತದೆ. ಸಾಮಾನ್ಯವಾಗಿ ಅದನ್ನು ದೇಹದಿಂದ ಕಳೆಯುವ ಮುಖ್ಯ ಅಂಗ ಯಕೃತ್ತು. ಹಳೆಯದನ್ನು ತೆಗೆದು ಹೊಸದನ್ನು ಜೋಡಿಸುವವರೆಗಿನ ಹೊತ್ತಿನಲ್ಲಿ ರೋಗಿಗೆ ಯಕೃತ್ತೇ ಇರುವುದಿಲ್ಲ. ಸಿಟ್ರೇಟ್ ಉಳಿದು ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ಹೃದಯದ ಬಡಿತ ಸೋಲುತ್ತದೆ. ಆದ್ದರಿಂದ ರಕ್ತದ ಜೊತೆಜೊತೆಗೇ ಕ್ಯಾಲ್ಸಿಯಂ ಕೊಡಬೇಕಾಗುತ್ತದೆ. ಹೊಸ ಯಕೃತ್ತಿಗೆ ರಕ್ತ ಹರಿಯಬಿಟ್ಟ ಕ್ಷಣದಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ: ಕಟ್ಟಿದ ಹೆಪ್ಪುಗಳು ಒಮ್ಮೆಲೇ ಕರಗತೊಡಗಬಹುದು.

ಈ ಪ್ರವಾಹಕ್ಕೆ ಒಡ್ಡು ಕಟ್ಟಿದ ಉಪಾಯಗಳು ಒಂದೊಂದಾಗಿ ಬಂದವು. ಹೊಟ್ಟೆಯಲ್ಲಿ ಸೋರಿದ ರಕ್ತವನ್ನು ಹೀರಿ, ತೊಳೆದು, ಕೆಂಪುಕಣಗಳನ್ನು ರೋಗಿಗೇ ಮರಳಿಸುವ ಯಂತ್ರ ಬಳಕೆಗೆ ಬಂತು. ಹೃದಯಕ್ಕೆ ಮರಳುವ ಮಹಾನಾಳವನ್ನು ಕತ್ತರಿಸದೆ ಅದರ ಮೇಲೆಯೇ ಹೊಸ ಯಕೃತ್ತನ್ನು ಕೂರಿಸುವ ವಿಧಾನ 1989ರ ನಂತರ ಹೆಚ್ಚು ರೂಢಿಯಾಯಿತು. 1980ರ ದಶಕದ ಕೊನೆಗೆ ಬಂದ ವಿಸ್ಕಾನ್ಸಿನ್ ದ್ರಾವಣದಲ್ಲಿ ಯಕೃತ್ತನ್ನು ಮೊದಲಿಗಿಂತ ಹೆಚ್ಚು ಗಂಟೆಗಳ ಕಾಲ ಕಾಪಾಡಬಹುದಾಯಿತು. ಗಡಿಬಿಡಿ ತಪ್ಪಿ, ಸಣ್ಣ ನಾಳಗಳನ್ನು ಒಂದೊಂದಾಗಿ ಕಟ್ಟಿಕೊಂಡು ಹೋಗಲು ಶಸ್ತ್ರವೈದ್ಯರಿಗೆ ವ್ಯವಧಾನ ಸಿಕ್ಕಿತು.

ಎಲ್ಲಕ್ಕಿಂತ ಮುಖ್ಯವಾದುದು ರಕ್ತವನ್ನು ನೋಡುವ ಬಗೆಯಲ್ಲಿ ಆದ ಬದಲಾವಣೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹಾರ್ಟರ್ಟ್ ಎಂಬ ವೈದ್ಯರು 1948ರಲ್ಲೇ ಒಂದು ಸರಳ ಉಪಕರಣ ರೂಪಿಸಿದ್ದರು. ಸಣ್ಣ ಬಟ್ಟಲಿನಲ್ಲಿ ರೋಗಿಯ ರಕ್ತ, ಅದರೊಳಗೆ ತೂಗುವ ಒಂದು ಕಡ್ಡಿ. ರಕ್ತ ಹೆಪ್ಪುಗಟ್ಟುತ್ತ ಹೋದಂತೆ ಕಡ್ಡಿಯ ಚಲನೆ ಬದಲಾಗಿ ಕಾಗದದ ಮೇಲೆ ಗೆರೆ ಮೂಡುತ್ತದೆ. ಹೆಪ್ಪು ಯಾವಾಗ ಆರಂಭವಾಯಿತು, ಎಷ್ಟು ಗಟ್ಟಿಯಾಯಿತು, ಮತ್ತೆ ಕರಗುತ್ತಿದೆಯೇ ಎಂಬುದನ್ನು ಆ ಗೆರೆಯೇ ಹೇಳುತ್ತದೆ. ಪಿಟ್ಸ್‌ಬರ್ಗ್‌ನ ಅರಿವಳಿಕೆ ತಜ್ಞ ಯೂ ಗೂ ಕಾಂಗ್ ಇದನ್ನು ಶಸ್ತ್ರಕ್ರಿಯೆಯ ಕೋಣೆಗೇ ತಂದರು. 1985ರಲ್ಲಿ ಅವರ ತಂಡ ಪ್ರಕಟಿಸಿದ ವರದಿಯಂತೆ, ಗೆರೆ ನೋಡಿ ಬೇಕಾದುದನ್ನಷ್ಟೇ ಕೊಟ್ಟಾಗ ರಕ್ತ ಮತ್ತು ದ್ರವಗಳ ಖರ್ಚು ಮೂರನೇ ಒಂದು ಭಾಗದಷ್ಟು ಇಳಿಯಿತು.

ಈ ತತ್ವ ಮಲೆನಾಡಿನ ಆಸ್ಪತ್ರೆಗಳಿಗೆ ಹೊಸದೇನಲ್ಲ. ಕೊಳಕುಮಂಡಲದ ಹಾವು ಕಚ್ಚಿದವರ ರಕ್ತವನ್ನು ಶುಚಿಯಾದ ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಅಲುಗಾಡದಂತೆ ಇಟ್ಟು, ಹೆಪ್ಪುಗಟ್ಟಿದೆಯೇ ಎಂದು ಓರೆಮಾಡಿ ನೋಡುವ ಪರೀಕ್ಷೆಯೂ ಇದೇ ಜಾತಿಯದು. ರಕ್ತದ ಒಂದೊಂದು ಅಂಶವನ್ನು ಬಿಡಿಬಿಡಿಯಾಗಿ ಅಳೆಯುವ ಬದಲು ಇಡೀ ರಕ್ತ ಏನು ಮಾಡುತ್ತದೆ ಎಂದು ನೋಡುವುದು ಎರಡರ ಜೀವಾಳ.

ಕೊಡದಿರುವ ಜಾಣತನ

ಇಷ್ಟಾದರೂ ಒಂದು ನಂಬಿಕೆ ಉಳಿದಿತ್ತು. ಸಿರೋಸಿಸ್ ರೋಗಿಯ ರಕ್ತಪರೀಕ್ಷೆಯ ಅಂಕಿಗಳು ಕೆಟ್ಟದಾಗಿದ್ದರೆ, ಶಸ್ತ್ರಕ್ರಿಯೆಗೆ ಮೊದಲೇ ಪ್ಲಾಸ್ಮಾ ತುಂಬಿ ಅವನ್ನು ಸರಿಪಡಿಸಬೇಕು ಎಂಬುದು ಆ ನಂಬಿಕೆ. ಇಟಲಿಯ ಮಿಲಾನ್‌ನ ತ್ರಿಪೋದಿ ಮತ್ತು ಮನ್ನುಚ್ಚಿ 2005ರಲ್ಲಿ ಇದನ್ನು ಅಲುಗಾಡಿಸಿದರು. ರೂಢಿಯ ಪರೀಕ್ಷೆ ಹೆಪ್ಪುಗಟ್ಟಿಸುವ ವಸ್ತುಗಳ ಕೊರತೆಯನ್ನಷ್ಟೇ ತೋರಿಸುತ್ತದೆ. ಹೆಪ್ಪನ್ನು ತಡೆಯುವ ವಸ್ತುಗಳೂ ಅದೇ ಯಕೃತ್ತಿನಲ್ಲಿ ತಯಾರಾಗುವುದರಿಂದ ಅವೂ ಕಡಿಮೆಯಾಗಿರುತ್ತವೆ. ಎರಡೂ ತಟ್ಟೆಗಳಲ್ಲಿ ತೂಕ ಇಳಿದ ತಕ್ಕಡಿ ನೆಟ್ಟಗೇ ನಿಂತಿರುತ್ತದೆ. ಆದರೆ ಸಣ್ಣ ತಳ್ಳಿಗೂ ಎರಡರಲ್ಲಿ ಯಾವ ಕಡೆಗಾದರೂ ವಾಲಬಹುದು. 1963ರಲ್ಲಿ ಡೆನ್ವರ್‌ನ ರೋಗಿಗಳು ಎರಡು ಬೇರೆ ಬೇರೆ ಕಾರಣಗಳಿಂದ ಸತ್ತದ್ದರ ವಿವರಣೆ ಇಲ್ಲಿ ಸಿಕ್ಕಿತು.

ಕೆನಡಾದ ಮಾಂಟ್ರಿಯಲ್‌ನಲ್ಲಿ ಲೂಕ್ ಮಸಿಕೋಟ್ ಎಂಬ ಅರಿವಳಿಕೆ ತಜ್ಞರ ತಂಡ ಇನ್ನೂ ಮುಂದೆ ಹೋಯಿತು. ಪ್ಲಾಸ್ಮಾ ಎಂದರೆ ದ್ರವವೂ ಹೌದು. ಅದನ್ನು ತುಂಬಿದಷ್ಟೂ ಉಬ್ಬಿದ ನಾಳಗಳಲ್ಲಿ ಒತ್ತಡ ಏರಿ ಸೋರಿಕೆ ಹೆಚ್ಚುತ್ತದೆ. ಕಟ್ಟಿದ ಕಾಲುವೆಗೆ ಮತ್ತಷ್ಟು ನೀರು ಬಿಟ್ಟಂತೆ. ಅವರು ಅಂಕಿಗಳನ್ನು ಸರಿಪಡಿಸಲೆಂದು ಪ್ಲಾಸ್ಮಾ ಕೊಡುವುದನ್ನು ಬಿಟ್ಟರು. ಬದಲಿಗೆ ತಕ್ಕ ರೋಗಿಗಳಲ್ಲಿ ಆರಂಭದಲ್ಲೇ ಸ್ವಲ್ಪ ರಕ್ತ ತೆಗೆದು ಪಕ್ಕಕ್ಕಿಟ್ಟು, ನಾಳಗಳ ಒತ್ತಡ ಇಳಿಸಿ, ಕೆಲಸ ಮುಗಿದ ಮೇಲೆ ಅದನ್ನೇ ಮರಳಿಸಿದರು. ಅವರು ಪ್ರಕಟಿಸಿದ ನೂರಾರು ಕಸಿಗಳಲ್ಲಿ ಸುಮಾರು ಎಂಬತ್ತು ಪಾಲು ರೋಗಿಗಳಿಗೆ ಹೊರಗಿನ ರಕ್ತವೇ ಬೇಕಾಗಲಿಲ್ಲ. ಎಲ್ಲ ಆಸ್ಪತ್ರೆಗಳೂ ಈ ವಿಧಾನವನ್ನು ಒಪ್ಪಿಲ್ಲ. ಒತ್ತಡ ಅತಿಯಾಗಿ ಇಳಿದರೆ ಮೂತ್ರಪಿಂಡಗಳಿಗೆ ತೊಂದರೆ ಎಂಬ ಆಕ್ಷೇಪವಿದೆ. ಆದರೆ ಅಂಕಿಗಾಗಿ ಅಲ್ಲ, ಕಣ್ಣಿಗೆ ಕಾಣುವ ರಕ್ತಸ್ರಾವಕ್ಕಾಗಿ ಮಾತ್ರ ಕೊಡಬೇಕು ಎಂಬ ನೀತಿ ಈಗ ಬಹುಮಟ್ಟಿಗೆ ಎಲ್ಲರದೂ ಆಗಿದೆ.

ಹೆಪ್ಪು ಕರಗದಂತೆ ತಡೆಯುವ ಔಷಧಗಳ ಕತೆಯೂ ಹೀಗೆಯೇ ಏರಿಳಿತದ್ದು. 1989ರಿಂದ ಕಸಿಯಲ್ಲಿ ಬಳಕೆಗೆ ಬಂದ ಅಪ್ರೋಟಿನಿನ್, ಹೃದಯ ಶಸ್ತ್ರಕ್ರಿಯೆಯ ರೋಗಿಗಳಲ್ಲಿ ಅಪಾಯ ಕಂಡುಬಂದ ಕಾರಣ 2008ರ ಹೊತ್ತಿಗೆ ಹಿಂದೆ ಸರಿಯಿತು. ಜಪಾನಿನ ಒಕಮೊಟೊ ದಂಪತಿ 1962ರಲ್ಲಿ ಕಂಡುಹಿಡಿದ ಅಗ್ಗದ ಟ್ರಾನೆಕ್ಸಾಮಿಕ್ ಆಮ್ಲ ಉಳಿದುಕೊಂಡಿತು. ಹೆರಿಗೆಯ ಅತಿಸ್ರಾವದಲ್ಲಿ ಬೇಗನೆ ಕೊಟ್ಟರೆ ಇದು ತಾಯಂದಿರ ಸಾವನ್ನು ತಗ್ಗಿಸುತ್ತದೆ ಎಂದು ಇಪ್ಪತ್ತು ಸಾವಿರ ಹೆಂಗಸರ ಮೇಲಿನ ಅಧ್ಯಯನ 2017ರಲ್ಲಿ ತೋರಿಸಿತು. ಮಹಾನಗರದ ಕಸಿ ಕೋಣೆಯಲ್ಲೂ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಇಂದು ಒಂದೇ ಔಷಧ ಬಳಕೆಯಲ್ಲಿದೆ.

ನಮ್ಮಲ್ಲಿ ಬಂದ ದಾರಿ

ಭಾರತದಲ್ಲಿ ಅಂಗಾಂಗ ಕಸಿಗೆ ಕಾನೂನಿನ ತಳಹದಿ ಬಂದದ್ದು 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಿಂದ. ರಕ್ತದ ವ್ಯವಸ್ಥೆ ಸರಿಯಾದದ್ದೂ ಅದೇ ಹೊತ್ತಿಗೆ. ಆವರೆಗೆ ನಗರಗಳಲ್ಲಿ ರಕ್ತ ಮಾರಿ ಜೀವಿಸುವವರ ಒಂದು ವರ್ಗವೇ ಇತ್ತು. ಬಡತನಕ್ಕೆ ಮಾರಿದ ಆ ರಕ್ತದಲ್ಲಿ ರೋಗದ ಭಯ ಹೆಚ್ಚು. ಕಾಮನ್ ಕಾಸ್ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ ನೀಡಿದ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ರಕ್ತದ ಮಾರಾಟ ನಿಷಿದ್ಧವಾಯಿತು. ಅದೇ ವರ್ಷದ ನವೆಂಬರಿನಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ, ಎರಡು ವರ್ಷವೂ ತುಂಬಿರದ ತಮಿಳುನಾಡಿನ ಮಗುವಿಗೆ ತಂದೆಯ ಯಕೃತ್ತಿನ ತುಂಡನ್ನು ಕಸಿ ಮಾಡಲಾಯಿತು. ದೇಶದಲ್ಲಿ ಮಗುವಿನ ಯಕೃತ್ತಿನ ಕಸಿ ಯಶಸ್ವಿಯಾದದ್ದು ಅದೇ ಮೊದಲು. ಮಗುವಿಗಿದ್ದದ್ದು ಡೆನ್ವರ್‌ನ ಬಾಲಕನಿಗಿದ್ದ ಕಾಯಿಲೆಯೇ, ಪಿತ್ತನಾಳ ಮುಚ್ಚಿಕೊಂಡದ್ದು. ಮೂವತ್ತೈದು ವರ್ಷಗಳ ಹಿಂದೆ ಮೇಜಿನ ಮೇಲೆ ರಕ್ತ ಹರಿದು ಮಗು ಸತ್ತ ಕಾಯಿಲೆಯಿಂದ ಈ ಮಗು ಉಳಿಯಿತು, ಬೆಳೆಯಿತು, ಮುಂದೆ ವೈದ್ಯನೂ ಆಯಿತು.

ಬದುಕಿರುವವರ ಯಕೃತ್ತಿನ ಭಾಗವನ್ನು ಕೊಡುವ ಪದ್ಧತಿ 1989ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಮೊದಲು ಯಶಸ್ಸು ಕಂಡಿತ್ತು. ಭಾರತದಲ್ಲಿ ಹೆಚ್ಚಿನ ಕಸಿಗಳು ನಡೆಯುವುದು ಹೀಗೆಯೇ. ಇಲ್ಲಿ ರಕ್ತದ ಲೆಕ್ಕ ಇಬ್ಬರದು. ಯಾವ ಕಾಯಿಲೆಯೂ ಇಲ್ಲದೆ ಪ್ರೀತಿಯಿಂದ ಮೇಜಿನ ಮೇಲೆ ಮಲಗಿದ ದಾನಿಗೆ ಬೇರೆಯವರ ರಕ್ತ ಕೊಡಬೇಕಾಗಿ ಬರಬಾರದು ಎಂಬುದು ಶಸ್ತ್ರವೈದ್ಯರ ಹಟ. ಕರ್ನಾಟಕದಲ್ಲಿ ಮಿದುಳು ನಿಷ್ಕ್ರಿಯಗೊಂಡವರ ಅಂಗಗಳನ್ನು ಸರದಿಯಂತೆ ಹಂಚಲು 2007ರಲ್ಲಿ ಬೆಂಗಳೂರಿನಲ್ಲಿ ವಲಯ ಸಮನ್ವಯ ಸಮಿತಿ ಆರಂಭವಾಯಿತು. ಇಂದು ಆ ಕೆಲಸ ‘ಜೀವಸಾರ್ಥಕತೆ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಹೊಂದುವ ರಕ್ತವೇ ಸಿಗದಿದ್ದರೆ?

ರಕ್ತವಿಲ್ಲದೆ ಶಸ್ತ್ರಕ್ರಿಯೆ ಮಾಡಬಲ್ಲ ಕೌಶಲ ಕೆಲವೊಮ್ಮೆ ಒಂದೇ ದಾರಿಯಾಗುತ್ತದೆ. ಮುಂಬಯಿಯಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ಗುರುತಿಸಿದ ‘ಬಾಂಬೆ’ ಗುಂಪಿನವರಿಗೆ ಓ ಗುಂಪಿನ ರಕ್ತವೂ ಒಗ್ಗುವುದಿಲ್ಲ. ಇನ್ನೂ ಅಪರೂಪದ್ದು ಕರ್ನಾಟಕದ್ದೇ. 2024ರಲ್ಲಿ ಹೃದಯ ಶಸ್ತ್ರಕ್ರಿಯೆಗಾಗಿ ಕೋಲಾರದ ಆಸ್ಪತ್ರೆ ಸೇರಿದ್ದ 38 ವರ್ಷದ ಮಹಿಳೆಯೊಬ್ಬರ ರಕ್ತಕ್ಕೆ ಯಾರ ರಕ್ತವೂ ಹೊಂದಲಿಲ್ಲ. ಬಂಧುಗಳಲ್ಲಿ ಇಪ್ಪತ್ತು ಜನರನ್ನು ಪರೀಕ್ಷಿಸಿದರೂ ಒಬ್ಬರೂ ಸಿಗಲಿಲ್ಲ. ವೈದ್ಯರು ರಕ್ತಪೂರಣವಿಲ್ಲದೆಯೇ ಶಸ್ತ್ರಕ್ರಿಯೆ ಮುಗಿಸಿದರು. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರ ಮತ್ತು ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಯೋಗಾಲಯದ ತಪಾಸಣೆಯಲ್ಲಿ ಅದು ಜಗತ್ತಿಗೇ ಹೊಸದಾದ ಪ್ರತಿಜನಕವೆಂದು ಗೊತ್ತಾಯಿತು. 2025ರ ಜೂನ್‌ನಲ್ಲಿ ಮಿಲಾನ್‌ನ ಸಮ್ಮೇಳನದಲ್ಲಿ ಅದಕ್ಕೆ ‘ಕ್ರಿಬ್’ ಎಂದು ನಾಮಕರಣವಾಯಿತು. ಅದರ ಕೊನೆಯ ಎರಡು ಅಕ್ಷರಗಳು ಇಂಡಿಯಾ ಮತ್ತು ಬೆಂಗಳೂರಿನ ಗುರುತು.

ಮಂಚಿಕೇರಿಯ ಸುತ್ತಲ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಜರು ಆಫ್ರಿಕಾದವರೆಂಬುದನ್ನು ಹೈದರಾಬಾದಿನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನವೂ ದೃಢಪಡಿಸಿದೆ. ಆಫ್ರಿಕಾ ಮೂಲದವರಲ್ಲಿ ಡಫಿ ಎಂಬ ಪ್ರತಿಜನಕವೇ ಇಲ್ಲದ ರಕ್ತ ಹೆಚ್ಚು. ಮತ್ತೆ ಮತ್ತೆ ರಕ್ತ ಪಡೆಯಬೇಕಾದ ರೋಗಿಗೆ ಇಂಥ ಸೂಕ್ಷ್ಮ ವ್ಯತ್ಯಾಸಗಳೂ ಮುಖ್ಯವಾಗುತ್ತವೆ. ಹವ್ಯಕರು, ಸಿದ್ದಿಗಳು, ಗೌಳಿಗಳು, ಮರಾಠಿಗರು ನೆರೆಕೆರೆಯಲ್ಲಿ ಬದುಕುವ ಸೀಮೆಯಲ್ಲಿ ದಾನಿಗಳ ಪಟ್ಟಿಯಲ್ಲೂ ಎಲ್ಲರ ಹೆಸರಿರುವುದು ಒಳ್ಳೆಯದು.

ಉಳಿದ ರಕ್ತ ಯಾರದು

ಕೆಂಪುಕಣಗಳನ್ನು ತಂಪುಪೆಟ್ಟಿಗೆಯಲ್ಲಿ ಐದಾರು ವಾರ ಇಡಬಹುದು. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ವರ್ಷದವರೆಗೆ ಇಡಬಹುದು. ಪ್ಲೇಟ್‌ಲೆಟ್‌ಗಳಿಗೆ ಮಾತ್ರ ಐದೇ ದಿನದ ಆಯುಸ್ಸು. ಅವನ್ನು ತಂಪಿನಲ್ಲಿ ಇಡುವಂತಿಲ್ಲ, ಸದಾ ಮೆಲ್ಲಗೆ ಅಲುಗಾಡಿಸುತ್ತಿರಬೇಕು. ಹೀಗಾಗಿ ಅವು ದೊಡ್ಡ ನಗರಗಳ ರಕ್ತಕೇಂದ್ರಗಳ ಬಳಿ ಸಿಗುವಷ್ಟು ಸುಲಭವಾಗಿ ಘಟ್ಟದ ಊರುಗಳಲ್ಲಿ ಸಿಗುವುದಿಲ್ಲ. ಮಂಗನ ಕಾಯಿಲೆ, ಡೆಂಗೆ, ಹಾವಿನ ವಿಷ, ಹೆರಿಗೆಯ ಸ್ರಾವ, ರಸ್ತೆ ಅಪಘಾತ, ಎಲ್ಲಕ್ಕೂ ರಕ್ತ ಬೇಕಾಗಬಹುದಾದ ಸೀಮೆ ಇದು. 2022ರಲ್ಲಿ ಉತ್ತರ ಕನ್ನಡ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಬೇಡಿಕೆ ಜನಾಂದೋಲನದ ರೂಪ ತಾಳಿದ್ದು ಇದೇ ದೂರದ ಸಂಕಟದಿಂದ.

ಯಕೃತ್ತಿನ ಕಸಿಯಲ್ಲಿ ರಕ್ತದ ಬಳಕೆ ಇಳಿದುದರ ಬೆಲೆ ಅರ್ಥವಾಗುವುದು ಇಲ್ಲಿ. ರಕ್ತವನ್ನು ಕಾರ್ಖಾನೆಯಲ್ಲಿ ತಯಾರಿಸಲಾಗದು. ಪ್ರತಿಯೊಂದು ಚೀಲವೂ ಯಾರೋ ಒಬ್ಬರು ತೋಳು ಚಾಚಿ ಕೊಟ್ಟದ್ದು. ಕೊಟ್ಟ ಗಂಡಸು ಮತ್ತೆ ಕೊಡಲು ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಕಾಯಬೇಕು. ಒಂದು ಕಸಿಯಲ್ಲಿ ಐವತ್ತು ಬಾಟಲಿ ಖರ್ಚಾಗುತ್ತಿದ್ದಲ್ಲಿ ಐದು ಸಾಕಾದರೆ, ಉಳಿದ ನಲವತ್ತೈದು ಬೇರೆ ರೋಗಿಗಳ ಪಾಲಿಗೆ ದಕ್ಕುತ್ತವೆ. ಊರಿನ ಹುಡುಗರನ್ನು ಒಟ್ಟುಗೂಡಿಸಿ ವಾಹನ ಹತ್ತಿಸುವ ಮನೆಯವರ ಬವಣೆಯೂ ಅಷ್ಟು ಹಗುರಾಗುತ್ತದೆ.

ಹಾಗೆಂದು ಮಂಚಿಕೇರಿಯ ಹುಡುಗರು ಹೋಗಬೇಕಾದ ಅಗತ್ಯ ತಪ್ಪಿಲ್ಲ. ಒಂದೂ ಬಾಟಲಿ ಬಳಸದೆ ಮುಗಿಯಬಹುದಾದ ಕಸಿಗೂ ರಕ್ತವನ್ನು ಮೊದಲೇ ಹೊಂದಿಸಿ ಸಿದ್ಧವಾಗಿ ಇಟ್ಟುಕೊಂಡೇ ವೈದ್ಯರು ಕೆಲಸ ಆರಂಭಿಸುತ್ತಾರೆ. ಯಾವ ರೋಗಿಯ ತಕ್ಕಡಿ ಯಾವ ಗಳಿಗೆಯಲ್ಲಿ ವಾಲೀತೆಂದು ಮೊದಲೇ ಹೇಳಬಲ್ಲ ಪರೀಕ್ಷೆ ಇನ್ನೂ ಬಂದಿಲ್ಲ. ಕಡಿಮೆ ಬಳಸಲು ವೈದ್ಯರು ಕಲಿತಿದ್ದಾರೆ; ಬೇಕಾದ ಗಳಿಗೆಯಲ್ಲಿ ರಕ್ತನಿಧಿ ಬರಿದಾಗಿರದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಇಂದಿಗೂ ಊರಿನ ಜನರದೇ.